ಓವನ್ನಿಗೆ ತೂಗುಹಾಕಿದ ಬೋರ್ಡು

ಚಿಂತೆ ಮಾಡುವುದಕ್ಕೆ ಕಾರಣ ಬೇಕೆಂದು ತಿಳಿದವರು ಇನ್ನೂ ಎಳಸು. ನನ್ನಂಥವನು ಚಿಂತೆಯನ್ನು ಮೊದಲು ಮಾಡಿಟ್ಟುಕೊಂಡು, ಕಾರಣ ಬಿಡುವಾದಾಗ ಬರಲಿ ಎಂದು ಕಾಯುತ್ತಾನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ರಾಮನಗರದ ಬಸ್ ಸ್ಟ್ಯಾಂಡಿನಿಂದ ನಾನು ಎಷ್ಟು ಸಲ ಮನೆಗೆ ಮರಳಿದ್ದೇನೆಂದರೆ, ನಮ್ಮ ಬೀದಿಯ ನಾಯಿಗಳು ಈಗ ಬೊಗಳುವುದನ್ನೂ ಬಿಟ್ಟಿವೆ. ಬಿಡದಿಯ ಕಡೆ ಕಾರ್ಖಾನೆಗಳು ಎದ್ದು, ಅವುಗಳಲ್ಲೊಂದರಲ್ಲಿ ನನಗೂ ಕೆಲಸ ಸಿಕ್ಕ ಮೇಲೆ ಈ ರೋಗಕ್ಕೆ ತರಬೇತಿಯೂ ದೊರೆಯಿತು. ಮೆಷಿನ್ನು ನಿಲ್ಲಿಸಿದ ಮೇಲೆ ಕೀ ತೆಗೆದು ಜೇಬಿಗಿಟ್ಟುಕೊಳ್ಳಬೇಕು, 'ಮುಟ್ಟಬೇಡಿ' ಎಂಬ ಬೋರ್ಡು ತೂಗುಹಾಕಬೇಕು ಎಂದು ಸುರಕ್ಷತೆಯ ತರಗತಿಯಲ್ಲಿ ಹೇಳಿಕೊಟ್ಟರು. ಉಳಿದವರು ಆ ಪಾಠವನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದರು. ನಾನು ಮನೆಗೆ ತಂದೆ, ಬೋರ್ಡಿನ ಸಮೇತ.

ಹೆಂಡತಿ ಶಾರದೆ ಕರೆಂಟಿನ ಓವನ್ನು ಕೊಂಡು ರಾಗಿ ಬಿಸ್ಕತ್ತು ಮಾಡಲು ಕಲಿತಿದ್ದಳು. ಬೀದಿಯ ಮಹಿಳಾ ಸಂಘದವರು ಮೊದಲ ಸಲ ಅವಳಿಗೆ ನೂರು ಬಿಸ್ಕತ್ತು ಹೇಳಿದ್ದರು. "ನಿನ್ ಕೈಲಿ ಆಯ್ತದೇನಮ್ಮ?" ಎಂದು ಅನುಮಾನಿಸಿದ ಅಧ್ಯಕ್ಷೆಗೆ, "ಆಯ್ತದೆ ಕಣಕ್ಕ," ಎಂದು ಮಾತು ಕೊಟ್ಟು ಬಂದಿದ್ದಳು. ಸಂಜೆ ಐದಕ್ಕೆ ಸಭೆ. ಬೆಳಿಗ್ಗೆ ನೋಡಿದರೆ ಓವನ್ನಿನೊಳಗೆ ದೀಪ ಹತ್ತಿತು, ಟಿಕ್ ಟಿಕ್ ಎಂಬ ಸದ್ದೂ ಬಂತು, ಬಿಸಿ ಮಾತ್ರ ಬರಲಿಲ್ಲ. ಅರ್ಧ ಗಂಟೆಯಾದರೂ ಹಿಟ್ಟು ಹಿಟ್ಟಾಗಿಯೇ ಕೂತಿತ್ತು.

"ನಾನಿದ್ದೀನಿ, ಬುಡು," ಎಂದೆ. ಅವಳ ಮುಖ ಇನ್ನಷ್ಟು ಬಾಡಿತು.

ರಬ್ಬರ್ ಚಪ್ಪಲಿ ಮೆಟ್ಟಿ ಪ್ಲಗ್ ಬಿಚ್ಚಿ ಕಟ್ಟಿದೆ. ಫ್ಯೂಸಿನ ತಂತಿ ಬದಲಿಸಿದೆ. ಓವನ್ನನ್ನು ಹೊತ್ತು ತಂದು ಹಜಾರದ ದೊಡ್ಡ ಪ್ಲಗ್ಗಿಗೆ ಹಾಕಿದೆ. ಬೈರಾಪಟ್ಟಣದಿಂದ ಎಳನೀರು ತಂದಿದ್ದ ಭಾಮೈದ ಪುಟ್ಟರಾಜು ಬಾಗಿಲಿಗೊರಗಿ, "ಭಾವ, ಅದ್ಕಿಂತ ನಿಮ್ ತಲೆ ಮ್ಯಾಲೆ ತಟ್ಟೆ ಮಡಗ್ಬುಡಿ, ಒಸಿ ಬೇಗ ಬೇಯ್ತದೆ," ಎಂದ. ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನು ಬಿಸಿ ಮಾಡದ ಹೊರತು ಊಟ ಮುಟ್ಟುವುದಿಲ್ಲ ಎಂದು ಪಣ ತೊಟ್ಟೆ. ಮುಟ್ಟಲು ಊಟವೇನೂ ಆಗಿರಲಿಲ್ಲ, ಆ ಮಾತು ಬೇರೆ.

ಮಧ್ಯಾಹ್ನ ಒಂದರ ಹೊತ್ತಿಗೆ, ಹಿಂಬದಿಯನ್ನೇ ಬಿಚ್ಚಿಬಿಡೋಣವೆಂದು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ. ಓವನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಶಾರದೆ, "ರೀ, ಉರಿ ಜಾಸ್ತಿ ಮಾಡೋ ಗುಂಡಿ ಯಾಕೆ ಗಡಿಯಾರದಂಗೆ ತಾನೇ ಹಿಂದಕ್ ಬತ್ತಾ ಐತೆ?" ಎಂದಳು.

ನನ್ನ ಕೈ ನಿಂತಿತು. ಹಿಂದಿನ ಸಂಜೆ, ಪಕ್ಕದ ಮನೆಯ ಮಕ್ಕಳು ಮುಟ್ಟಿಯಾರೆಂದು ಓವನ್ನಿನ ಎರಡೂ ಗುಂಡಿಗಳನ್ನು ಕಿತ್ತು ಜೇಬಿಗಿಟ್ಟುಕೊಂಡು, ಬೋರ್ಡು ತೂಗುಹಾಕಿದ್ದವನು ನಾನೇ. ಬೆಳಿಗ್ಗೆ ಮರಳಿ ಸಿಕ್ಕಿಸುವಾಗ ಉರಿಯ ಗುಂಡಿಯನ್ನು ಸಮಯದ ಜಾಗಕ್ಕೂ, ಸಮಯದ್ದನ್ನು ಉರಿಯ ಜಾಗಕ್ಕೂ ಹಾಕಿದ್ದೆ. ಅವಳು ಉರಿ ಏರಿಸಿದಾಗಲೆಲ್ಲ ಏರಿದ್ದು ಗಡಿಯಾರ; ಹತ್ತು ನಿಮಿಷವೆಂದು ತುಸುವೇ ತಿರುಗಿಸಿದ್ದು ಉರಿಯನ್ನು. ಒಪ್ಪಿಕೊಂಡೆ. ಶಾರದೆ ಗುಂಡಿಗಳನ್ನು ಬದಲಿಸಿ ತಟ್ಟೆ ಒಳಗಿಟ್ಟಳು. ಅವಳು ಅನ್ನದೆ ಬಿಟ್ಟದ್ದನ್ನು ಪುಟ್ಟರಾಜು ಒಂದೂ ಬಿಡದೆ ಅಂದ.

ಐದಕ್ಕೆ ಸರಿಯಾಗಿ ನೂರು ಬಿಸ್ಕತ್ತೂ ಸಭೆಗೆ ಹೋದವು, ಕೊನೆಯ ತಟ್ಟೆಯವು ಇನ್ನೂ ಬಿಸಿಬಿಸಿಯಾಗಿ. ಮುಂದಿನ ತಿಂಗಳಿಗೂ ಅಧ್ಯಕ್ಷೆಯೇ ಹೇಳಿ ಕಳಿಸಿದರು.

ಬೋರ್ಡು ಈಗಲೂ ಇದೆ. ಓವನ್ನಿನ ಮೇಲಲ್ಲ, ಅಡುಗೆಮನೆಯ ಬಾಗಿಲಲ್ಲಿ, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ. ಬೇಸರವೇನಿಲ್ಲ. ಅಪಾಯ ಎಲ್ಲಿದೆಯೆಂದು ಮೊದಲು ಗುರುತಿಸಿ, ಆಮೇಲೆ ಬೋರ್ಡು ಹಾಕಿ ಎಂದೇ ನಮಗೂ ಹೇಳಿಕೊಟ್ಟಿದ್ದು. ಶಾರದೆ ತರಗತಿಗೆ ಬರದೆಯೇ ಪಾಸಾದಳು. ನನಗುಳಿದ ಚಿಂತೆ ಒಂದೇ: ಆ ಬೋರ್ಡಿನ ಮೊಳೆ ಸ್ವಲ್ಪ ಸಡಿಲವಿದೆ.