ನನ್ನ ರೈಫಲ್ಲಿಗೆ ತೋಟಾ ನಿಶ್ಚಯ ಮಾಡಿದ್ದು

ಯಾವ ವಸ್ತುವನ್ನೇ ಆಗಲಿ, ಕೂಲಂಕಷವಾಗಿ ವಿಚಾರ ಮಾಡದೆ ಕೊಳ್ಳುವವನಲ್ಲ ನಾನು. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿಗೆ ಟೋಸ್ಟರು ತರುವಾಗಲೂ ತಿಂಗಳುಗಟ್ಟಲೆ ವಿಚಾರ ಮಾಡಿದ್ದೆ. ಆ ಟೋಸ್ಟರು ಬ್ರೆಡ್ಡಿನ ಒಂದೇ ಮಗ್ಗುಲನ್ನು ಸುಡುತ್ತಿತ್ತು ಎನ್ನುವುದು ಬೇರೆ ಮಾತು! ಹೀಗಿರುವಾಗ, ರೈಫಲ್ ಮಾಡಿಸುವ ವಿಷಯದಲ್ಲಿ ನನ್ನಿಂದ ತಪ್ಪಾಗುವ ಸಾಧ್ಯತೆಯೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಬದನೆಕಾಯಿಯ ಮೇಲೆ ಬಿಟ್ಟರೆ ಬೇರಾವುದರ ಮೇಲೂ ಚಾಕು ಎತ್ತದವನಿಗೆ ರೈಫಲ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರಾ ಕೇಳಿಯೇ ಕೇಳಿದಳು. ತಪ್ಪು ಹ್ಯಾರಲ್ಡನದು. ಮೆನ್ಲೋ ಪಾರ್ಕಿನ ನಮ್ಮ ಆಫೀಸಿನಲ್ಲಿ ಅವನದು ನನ್ನ ಪಕ್ಕದ ಮೇಜು. ಒಂದು ಶನಿವಾರ ಅವನು ನನ್ನನ್ನು ಗಿಲ್‌ರಾಯ್ ದಾಟಿ, ಒಣಗುಡ್ಡಗಳ ನಡುವೆ ಇದ್ದ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಸಾವಿರ ಗಜದಾಚೆ ಒಂದು ಕಬ್ಬಿಣದ ತಟ್ಟೆ ನೇತುಹಾಕಿದ್ದರು. ಬರಿಗಣ್ಣಿಗೆ ಅದು ಸಾಸಿವೆ ಕಾಳು. ಹ್ಯಾರಲ್ಡ್ ತನ್ನ ರೈಫಲ್ ಕೊಟ್ಟು, ಹೀಗೆ ಮಲಗು, ಹೀಗೆ ಉಸಿರು ಹಿಡಿ ಎಂದು ಹೇಳಿಕೊಟ್ಟ. ರೈಫಲ್ಲಿನ ಕುದುರೆ ಎಳೆದೆ. ಹೆಗಲಿಗೆ ಗುದ್ದು ಬಿತ್ತು. ಏನೂ ಆಗಲಿಲ್ಲ ಎಂದು ಏಳುವಷ್ಟರಲ್ಲಿ ಗುಡ್ಡದ ಕಡೆಯಿಂದ ಕೇಳಿಸಿತು: ಟಣ್!

ಶಾಲೆಯ ಆಟೋಟಗಳಲ್ಲಿ ನನಗೆ ಬಂದ ಒಂದೇ ಬಹುಮಾನವೆಂದರೆ ಒಂದು ಸೋಪಿನ ಡಬ್ಬಿ. ಅದೂ ಎಲ್ಲರಿಗೂ ಕೊಟ್ಟಿದ್ದರು. ಹಾಗಾಗಿ ಆ ಟಣ್ ನನ್ನ ಕಿವಿಯಲ್ಲೇ ಮನೆ ಮಾಡಿಕೊಂಡಿತು. ನನ್ನದೇ ಒಂದು ರೈಫಲ್ ಮಾಡಿಸಲೇಬೇಕು ಎಂದು ತೀರ್ಮಾನಿಸಿದೆ.

ಸುಮಿತ್ರಾಳಿಗೆ ಇದು ಹಿಡಿಸಲಿಲ್ಲ. ಅವಳು ಡ್ರೈವಿಂಗ್ ಕಲಿಯಲು ಕಾಯುತ್ತಿದ್ದಳು. ಕಲಿಸಬೇಕಾದವನು ನಾನು.

“ಪರ್ಮಿಟ್ಟು ತಗೊಂಡು ಎಷ್ಟು ದಿನ ಆಯ್ತು ನೆನಪಿದ್ಯಾ? ಪ್ರತಿ ಶನಿವಾರ ಒಂದೊಂದು ನೆಪ. ಈಗ ಬಂದೂಕು ಬೇರೆ!”

“ಬಂದೂಕಲ್ಲ ಕಣೇ, ರೈಫಲ್ಲು.”

“ಏನೋ ಒಂದು. ಒಂದು ಗ್ಯಾಲನ್ ಹಾಲು ತರೋಕೂ ನೀವು ಬರೋದನ್ನ ಕಿಟಕೀಲಿ ನಿಂತು ಕಾಯ್ಬೇಕು ನಾನು.”

ಮಾತು ನಿಜವಾಗಿದ್ದರಿಂದ ನನಗೆ ಕೋಪ ಬಂತು. ಕೊನೆಗೆ ಅವಳೇ ಒಪ್ಪಂದ ಮುಂದಿಟ್ಟಳು. ದಸರಾ ಮುಗಿದ ಮೇಲಿನ ಶನಿವಾರ ಎಲ್ಲರ ಮುಂದೆ, ನನ್ನದೇ ರೈಫಲ್ಲಿನಿಂದ ನಾನು ಆ ತಟ್ಟೆಗೆ ಹೊಡೆಯಬೇಕು. ಹೊಡೆದರೆ ಶನಿವಾರಗಳೆಲ್ಲ ನನ್ನವು. ಇಲ್ಲದಿದ್ದರೆ ಅವಳವು. “ಮತ್ತೆ, ಅದ್ರಿಂದ ಒಂದು ಇರುವೆಗೂ ನೋವಾಗಕೂಡದು” ಎಂದು ಸೇರಿಸಿದಳು. ನಾನು ನಕ್ಕು ಒಪ್ಪಿಕೊಂಡೆ.

ಹ್ಯಾರಲ್ಡ್ ತೋರಿಸಿದ ಬಂದೂಕಿನ ಕಮ್ಮಾರ ಡ್ವೇನ್ ಗಿಲ್‌ರಾಯಿಯಲ್ಲಿದ್ದ. ಅದು ಬೆಳ್ಳುಳ್ಳಿ ಬೆಳೆಗೆ ಹೆಸರಾದ ಊರು, ಎಲ್ಲೆಲ್ಲೂ ಅದರದೇ ವಾಸನೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಬಳಸುವುದಿಲ್ಲವಾದ್ದರಿಂದ ಸುಮಿತ್ರಾ ಮೂಗಿಗೆ ಸೆರಗು ಹಿಡಿದು ಕಾರಿನಲ್ಲೇ ಕುಳಿತಳು. ಡ್ವೇನ್ ಕೇಳಿದ್ದು ಒಂದೇ ಪ್ರಶ್ನೆ: “ಯಾವ ತೋಟಾಕ್ಕೆ ಮಾಡಲಿ?”

ಇದನ್ನು ಸ್ವಲ್ಪ ವಿವರಿಸಬೇಕು. ರೈಫಲ್ ನಳಿಕೆಯ ಹಿಂಭಾಗದಲ್ಲಿ ತೋಟಾ ಕೂರಲು ಒಂದು ಗೂಡು ಕೊರೆಯುತ್ತಾರೆ. ಅದಕ್ಕೆ ಚೇಂಬರು ಎಂದು ಹೆಸರು. ಯಾವ ಅಳತೆಗೆ ಕೊರೆದರೋ ಆ ತೋಟಾ ಮಾತ್ರ ಅದರಲ್ಲಿ ಕೂರುತ್ತದೆ. ಒಮ್ಮೆ ಕೊರೆದ ಮೇಲೆ ಮುಗಿಯಿತು, ಬೇಡವೆಂದರೆ ನಳಿಕೆಯನ್ನೇ ಬದಲಾಯಿಸಬೇಕು.

“ನಿನಗೆ ಸಾಮಾನ್ಯ .308 ಸಾಕು. ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ರೇಂಜಿನಲ್ಲಿ ಎಲ್ಲರ ಹತ್ತಿರವೂ ಇರುತ್ತೆ” ಎಂದ ಡ್ವೇನ್.

ಎಲ್ಲರ ಹತ್ತಿರವೂ ಇರುವುದನ್ನು ಮಾಡಿಸಿಕೊಳ್ಳಲು ನಾನು ಇಷ್ಟು ದೂರ ಬರಬೇಕಿತ್ತೇ? ಯೋಚಿಸಿ ಹೇಳುತ್ತೇನೆ ಎಂದು ವಾಪಸಾದೆ.

ಆರು ತಿಂಗಳು ಯೋಚಿಸಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆದು ಗುಂಡು ಎಷ್ಟು ಬೀಳುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂದು ಪ್ರಿಂಟು ತೆಗೆದೆ. ಮಡಿಕೆ ಮಡಿಕೆಯಾಗಿ ಬಂದ ಆ ಕಾಗದ ನಡುಮನೆಯಿಂದ ಅಡಿಗೆಮನೆಯವರೆಗೆ ಹಾಸಿಕೊಂಡಿತು. .308 ಗುಂಡು ಗಾಳಿಗೆ ತೀರಾ ಸರಿಯುತ್ತಿತ್ತು. .300 ಮ್ಯಾಗ್ನಮ್ ಶಕ್ತಿವಂತ, ಆದರೆ ಒದೆತ ಜಾಸ್ತಿ. ಏಳು ಮಿಲಿಮೀಟರ್ ಮ್ಯಾಗ್ನಮ್ ಅವೆರಡರ ನಡುವೆ, ಆದರೆ ಹ್ಯಾರಲ್ಡನ ಭಾವನ ಬಳಿ ಅದು ಇತ್ತು. ಆ ಮನುಷ್ಯನನ್ನು ಕಂಡರೆ ನನಗಾಗದು! ಆರೂವರೆ ಮಿಲಿಮೀಟರಿನ ಸಪೂರ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತಿತ್ತು, ಆದರೆ ಅದರ ತೋಟಾದಲ್ಲಿ ಮದ್ದು ಹಿಡಿಯುವ ಜಾಗ ಸಾಲದು.

“ನನ್ನನ್ನ ನೋಡೋಕೆ ಬಂದಾಗ ಕೇಸರಿಭಾತ್ ತಿಂದು ಮುಗಿಸೋಷ್ಟರಲ್ಲಿ ಒಪ್ಕೊಂಡ್ರಿ” ಎಂದಳು ಸುಮಿತ್ರಾ, ಕಾಗದವನ್ನು ದಾಟುತ್ತಾ. “ಈ ತೂತಿಗೆ ಆರು ತಿಂಗಳಾ?”

“ನಿನ್ನ ವಿಷಯದಲ್ಲಿ ಆಯ್ಕೆ ಸುಲಭವಾಗಿತ್ತು” ಎಂದೆ. ಹೊಗಳಿಕೆ ಎಂದುಕೊಂಡೇ ಹೇಳಿದ್ದು. ಆ ದಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಲಾಸ್ ಆಲ್ಟೋಸ್‌ನ ಡಾಕ್ಟರ್ ಪಾಟೀಲರನ್ನೂ ಕೇಳಿದೆ. ಹುಬ್ಬಳ್ಳಿಯವರು. ಕಿವಿ ಮೂಗು ಗಂಟಲಿನ ವೈದ್ಯರು. “ಯಾವದಾರ ತಗೋಪಾ, ಕಿವ್ಯಾಗ ಮಾತ್ರ ಹತ್ತಿ ಇಟ್ಕೋ” ಎಂದರು. ವಿಷಯದ ಗಾಂಭೀರ್ಯ ಅವರಿಗೆ ತಿಳಿಯಲಿಲ್ಲ.

ಕಡೆಗೆ ನನಗೇ ಹೊಳೆಯಿತು. .300 ಮ್ಯಾಗ್ನಮ್‌ನ ಹೊಟ್ಟೆ, ಅದಕ್ಕೆ ಆರೂವರೆ ಮಿಲಿಮೀಟರಿನ ಕೊರಳು! ಹೀಗೆ ಯಾವ ಕಾರ್ಖಾನೆಯೂ ತಯಾರಿಸದ, ಮನೆಯಲ್ಲೇ ಮಾಡಿಕೊಳ್ಳುವ ತೋಟಾಕ್ಕೆ ಅಲ್ಲಿ ‘ವೈಲ್ಡ್‌ಕ್ಯಾಟ್’ ಎನ್ನುತ್ತಾರೆ, ಅಂದರೆ ಕಾಡುಬೆಕ್ಕು. ಹಿತ್ತಾಳೆಯ ಖಾಲಿ ಕೊಳವೆಗಳನ್ನು ತಂದು, ಅಚ್ಚಿನಲ್ಲಿ ಒತ್ತಿ ಕೊರಳು ಸಣ್ಣದು ಮಾಡಿ, ಮದ್ದು ತುಂಬಿ, ಗುಂಡು ಕೂರಿಸಿದರೆ ತೋಟಾ ಸಿದ್ಧ. ಪ್ರಪಂಚದಲ್ಲಿ ಇನ್ನೊಬ್ಬರ ಬಳಿ ಇರುವುದಿಲ್ಲ!

“ಇನ್ನೊಬ್ರ ಹತ್ರ ಇಲ್ಲ ಅಂದ್ರೆ ಅದೇನು ಹೆಚ್ಚುಗಾರಿಕೆನಾ?” ಎಂದಳು ಸುಮಿತ್ರಾ. “ಹೆಪ್ಪು ಕೆಟ್ಟೋದ್ರೆ ಪಾಟೀಲರ ಮನೆಯಿಂದ ಒಂದು ಚಮಚ ಮೊಸರು ತರ್ತೀನಿ. ನಿಮ್ಮ ತೋಟಾ ಕೆಟ್ಟೋದ್ರೆ ಯಾರ ಮನೆಗೆ ಹೋಗ್ತೀರಿ?”

“ಕೆಡೋ ಪ್ರಶ್ನೆಯೇ ಇಲ್ಲ.”

ಡ್ವೇನ್ ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿ, “ನಳಿಕೆ ನಿನ್ನದು” ಎಂದಷ್ಟೇ ಹೇಳಿದ. ಚೇಂಬರು ಕೂದಲೆಳೆಯಷ್ಟೂ ಸಡಿಲವಿರಬಾರದೆಂದು ತಾಕೀತು ಮಾಡಿದೆ. ನಳಿಕೆಯ ಮೇಲೆ ‘6.5 ಮೂರ್ತಿ’ ಎಂದು ಇಂಗ್ಲಿಷಿನಲ್ಲಿ ಕೆತ್ತಿಸಿದೆ. ಮೂರ್ತಿ ಎಂದರೆ ನಾನೇ.

ರೈಫಲ್ ದಸರೆಯ ಹೊತ್ತಿಗೆ ಮನೆಗೆ ಬಂತು. ಡ್ವೇನ್‌ನ ಅಂಗಡಿಯಲ್ಲಿ ನನ್ನ ಖಾಲಿ ಕೊಳವೆಯೊಂದನ್ನು ಹಾಕಿ ನೋಡಿದಾಗ ಬೋಲ್ಟು, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಅಗುಳಿ, ಬೆಣ್ಣೆಯಂತೆ ಮುಚ್ಚಿಕೊಂಡಿತ್ತು. ಮದ್ದು ತುಂಬುವುದು ಮಾತ್ರ ಬಾಕಿ. ಅದನ್ನು ವಿಜಯದಶಮಿಗೆ ಇಟ್ಟುಕೊಂಡೆ. ಹಿಂದಿನ ದಿನ ಆಯುಧಪೂಜೆ.

ಕ್ಯಾಲಿಫೋರ್ನಿಯಾದ ನಮ್ಮವರ ಆಯುಧಪೂಜೆಯಲ್ಲಿ ಆಯುಧವೊಂದೇ ಇರುವುದಿಲ್ಲ. ಕಾರಿನ ಬೀಗದ ಕೈ, ಮಿಕ್ಸಿ, ಟೈಪ್‌ರೈಟರು, ಕ್ಯಾಲ್‌ಕ್ಯುಲೇಟರು. ಪಾಟೀಲರು ತಮ್ಮ ಚಿಮಟ, ಹಣೆದೀಪಗಳ ಕೈಚೀಲವನ್ನೇ ತಂದಿಡುತ್ತಿದ್ದರು. ಈ ಸಲ ನಡುವೆ ನಿಜವಾದ ಆಯುಧ! ಬಂದವರಿಗೆಲ್ಲ ಒಳಗೆ ಏನೂ ಇಲ್ಲವೆಂದು ಕಾಣಲಿ ಎಂದು, ಸುರಕ್ಷತೆಯ ದೃಷ್ಟಿಯಿಂದ, ಬೋಲ್ಟನ್ನು ಪೂರ್ತಿ ಹಿಂದೆಳೆದು, ರೈಫಲ್ಲನ್ನು ಮೂತಿ ಕೆಳಗಾಗಿ ಗೋಡೆಗೆ ಒರಗಿಸಿದೆ. ಮಂತ್ರ ಹೇಳುವವನೂ ನಾನೇ. ಅರಿಶಿನ ಕಲಸಿ, ತುಪ್ಪದ ಹನಿ ಹಾಕಿದ್ದ ಅಕ್ಷತೆಯನ್ನು ಮುಷ್ಟಿ ತುಂಬ ಹಿಡಿದು ಭಕ್ತಿಯಿಂದ ಎರಚಿದೆ.

“ಸಾಕ್ರೀ, ಮದುವೆ ಮಂಟಪ ಅಲ್ಲ” ಎಂದಳು ಸುಮಿತ್ರಾ.

ವಿಜಯದಶಮಿಯ ಬೆಳಗ್ಗೆ ಸ್ನಾನ ಮಾಡಿ ಕೆಲಸಕ್ಕೆ ಕುಳಿತೆ. ಮತ್ತೊಮ್ಮೆ ನೋಡೋಣವೆಂದು ಖಾಲಿ ಕೊಳವೆಯನ್ನು ಚೇಂಬರಿಗೆ ಹಾಕಿ ಬೋಲ್ಟು ತಳ್ಳಿದೆ. ಮುಚ್ಚಲಿಲ್ಲ! ಇನ್ನೊಂದು ಹಾಕಿದೆ. ಮುಚ್ಚಲಿಲ್ಲ.

“ಒಳಗೆ ಏನಾದ್ರೂ ಸಿಕ್ಕೊಂಡಿದೆಯೇನೋ, ನೋಡಿ” ಎಂದಳು ಅಡಿಗೆಮನೆಯಿಂದ.

“ಇದು ಮಿಕ್ಸಿ ಅಲ್ಲ ಕಣೇ!”

ಎಂಜಿನಿಯರನಾದವನು ಕಾರಣವನ್ನು ತರ್ಕದಿಂದ ಹುಡುಕಬೇಕು. ಗಿಲ್‌ರಾಯಿಯಲ್ಲಿ ಬಿಸಿಲು, ಸನಿವೇಲ್‌ನಲ್ಲಿ ತಂಪು. ತಂಪಿಗೆ ಲೋಹ ಕುಗ್ಗುತ್ತದೆ. ಚೇಂಬರು ಕುಗ್ಗಿದೆ! ಲೆಕ್ಕ ಹಾಕಿದರೆ ಉತ್ತರ ಬೇಕಾದ್ದಕ್ಕಿಂತ ತೀರಾ ಸಣ್ಣದಾಗಿ ಬಂತು. ಲೆಕ್ಕದಲ್ಲೇ ಏನೋ ತಪ್ಪಿರಬೇಕೆಂದು ಅದನ್ನು ಬಿಟ್ಟೆ. ಅಚ್ಚನ್ನು ಬಿಗಿಮಾಡಿ, ಬೋಲ್ಟು ಮುಚ್ಚುವವರೆಗೆ ಕೊಳವೆಯ ಹೆಗಲನ್ನು, ಅಂದರೆ ಕೊರಳಿನ ಕೆಳಗಿನ ಇಳಿಜಾರನ್ನು, ಹಿಂದಕ್ಕೆ ಒತ್ತಿದೆ. ಮುಚ್ಚಿತು! ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲವಾದ್ದರಿಂದ, ಇದ್ದ ಕೊಳವೆಗಳನ್ನೆಲ್ಲ, ಒಂದನ್ನೂ ಬಿಡದೆ, ಹಾಗೇ ಒತ್ತಿ ಗಿಡ್ಡ ಮಾಡಿ ಮದ್ದು ತುಂಬಿದೆ.

ಶನಿವಾರ ರೇಂಜಿಗೆ ಎರಡು ಕಾರುಗಳಲ್ಲಿ ಹೋದೆವು. ಸುಮಿತ್ರಾ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದಿದ್ದಳು. ಪಾಟೀಲ ದಂಪತಿ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತರು. ಹ್ಯಾರಲ್ಡ್ ಇದ್ದ, ಅವನ ಭಾವನೂ ಇದ್ದ. ನಾನು ಮೊದಲು ಎಲ್ಲರಿಗೂ 6.5 ಮೂರ್ತಿಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಪಾಟೀಲರು ಪುಳಿಯೋಗರೆಯ ಡಬ್ಬಿ ತೆರೆದಾಗ ಮುಗಿಸಿದೆ.

ಮಲಗಿ ತೋಟಾ ಹಾಕಿದೆ. ಬೋಲ್ಟು ಮುಚ್ಚಿತು. ಉಸಿರು ಹಿಡಿದೆ. ಅಷ್ಟರಲ್ಲಿ ರೇಂಜಿನ ಮೇಲ್ವಿಚಾರಕ ಎಲ್ಲರೂ ನಿಲ್ಲಿಸಿ ಎಂದು ಕೂಗಿದ. ದೂರದಲ್ಲಿ ಯಾರದೋ ಗುರಿಹಲಗೆ ಬಿದ್ದುಹೋಗಿತ್ತು. ನಿಯಮದಂತೆ ತೋಟಾ ಹೊರತೆಗೆದೆ. ಅದನ್ನು ಹ್ಯಾರಲ್ಡ್ ಎತ್ತಿಕೊಂಡ.

“ಮೂರ್ತಿ, ಇದರ ಹೆಗಲಿನ ಮೇಲೆ ಸಣ್ಣ ತಗ್ಗಿದೆ. ಹಳದಿ ಬಣ್ಣ ಬೇರೆ.”

“ಹಿತ್ತಾಳೆಯ ಗುಣ ಅದು” ಎಂದೆ ನಾನು.

“ಒಳಗೇನೋ ಇದೆ. ನೀನು ಇದನ್ನು ಹಾರಿಸಕೂಡದು.”

ಪಾಟೀಲರು ಕೈ ಒರೆಸಿಕೊಂಡು ಎದ್ದರು. “ಸರೀಪಾ, ನಾ ನೋಡ್ತೀನಿ.” ಕಾರಿನಿಂದ ತಮ್ಮ ಕೈಚೀಲ ತಂದು, ಹಣೆಗೆ ದೀಪ ಕಟ್ಟಿಕೊಂಡು, ಬೋಲ್ಟು ತೆಗೆದಿಟ್ಟ ನನ್ನ ರೈಫಲ್ಲಿನ ಚೇಂಬರಿಗೆ ಕಣ್ಣಿಟ್ಟರು. ಉದ್ದನೆಯ ಚಿಮಟ ಒಳಗೆ ಹೋಯಿತು, ಹೊರಗೆ ಬಂತು. ಅದರ ತುದಿಯಲ್ಲಿ ಒಂದು ಅಕ್ಕಿಕಾಳು. ಅರಿಶಿನ ಹಚ್ಚಿದ್ದು!

“ಸಣ್ಣ ಹುಡುಗರ ಮೂಗಿನಾಗಿಂದ ದಿನಾ ತಗೀತೀನಿ” ಎಂದರು ಪಾಟೀಲರು. “ಬಂದೂಕಿನಾಗಿಂದ ಇದ ಮೊದಲನೇದು.”

ಸುಮಿತ್ರಾ ಅದನ್ನು ಅಂಗೈಗೆ ಹಾಕಿಸಿಕೊಂಡು ನೋಡಿದಳು. “ರೀ, ನೀವೇ ಎರಚಿದ್ದು. ಮಿಕ್ಸಿ ಅಲ್ಲ ಅಂದ್ರಿ.”

ಹ್ಯಾರಲ್ಡನಿಗೆ ಅಕ್ಷತೆ ಎಂದರೇನೆಂದು ವಿವರಿಸಬೇಕಾಯಿತು. ಆಯುಧವನ್ನು ಆಶೀರ್ವದಿಸಲು ಎಂದೆ. “ಆಶೀರ್ವಾದ ಆಗಿದೆ ಬಿಡು” ಎಂದ ಅವನ ಭಾವ. ಸಾಲಾಗಿ ಮಲಗಿದ್ದ ಶೂಟರುಗಳೆಲ್ಲ ಎದ್ದು ಬಂದು ಅಕ್ಕಿಕಾಳನ್ನು ನೋಡಿ ಹೋದರು.

ಇನ್ನೇನು, ಅಡ್ಡಿ ತೊಲಗಿತಲ್ಲ ಎಂದು ಮತ್ತೆ ಮಲಗಹೊರಟೆ. ಹ್ಯಾರಲ್ಡ್ ತೋಟಾ ಹಾಕಿ ಬೋಲ್ಟು ಮುಚ್ಚಿ ನೋಡಿ, ತಲೆಯಾಡಿಸಿದ. ಈಗ ಚೇಂಬರು ಸರಿಯಾಗಿತ್ತು, ತೋಟಾಗಳೆಲ್ಲ ಗಿಡ್ಡವಾಗಿ, ಒಳಗೆ ಸಡಿಲವಾಗಿ ಕೂರುತ್ತಿದ್ದವು! ಹಾರಿಸಿದರೆ ಹಿತ್ತಾಳೆ ಸೀಳಿ ಬೆಂಕಿ ಮುಖಕ್ಕೇ ಬರಬಹುದು ಎಂದ. ನಾನು ಕೂಡಲೇ ಎದ್ದುಬಿಟ್ಟೆ.

ಆಮೇಲೆ ನಡೆದದ್ದು ಎಲ್ಲಕ್ಕಿಂತ ಕಷ್ಟದ್ದು. ರೇಂಜಿನಲ್ಲಿದ್ದವರು ಬಹಳ ಒಳ್ಳೆಯ ಜನ. ಒಬ್ಬೊಬ್ಬರೇ ಬಂದು ತಮ್ಮ ಡಬ್ಬಿ ತೆರೆದು ತೋರಿಸಿದರು. .308, .308, ಮತ್ತೆ .308. ಒಬ್ಬ ಮುದುಕ ನಳಿಕೆಯ ಮೇಲಿನ ಅಕ್ಷರ ಓದಿ, “ಮೂರ್ತಿ? ಅದು ಯಾವ ದೇಶದ ತೋಟಾ?” ಎಂದು ಕೇಳಿದ. ಹ್ಯಾರಲ್ಡ್ ತನ್ನ ರೈಫಲ್ಲನ್ನೇ ಚಾಚಿದ. ನಾನು ಆಸೆಯಿಂದ ಸುಮಿತ್ರಾಳ ಕಡೆ ನೋಡಿದೆ.

“ನಿಮ್ದೇ ರೈಫಲ್ಲು ಅಂತ ಮಾತಾಗಿತ್ತು” ಎಂದಳು, ನನ್ನ ತಟ್ಟೆಗೆ ಮೊಸರನ್ನ ಬಡಿಸುತ್ತಾ. ಆ ಗುಡ್ಡದ ತಟ್ಟೆಗೆ ದಿನವಿಡೀ ಬೇರೆಯವರ ಗುಂಡು ಬೀಳುತ್ತಿತ್ತು. ಪ್ರತಿ ಟಣ್‌ಗೂ ನನ್ನ ಹೊಟ್ಟೆ ಉರಿಯಿತು. ಒಂದು ಇರುವೆಗೂ ನೋವಾಗಲಿಲ್ಲ, ನಿಜ.

ರೈಫಲ್ ಬಟ್ಟೆಯ ಬೀರುವಿಗೆ ಹೋಯಿತು. ಮುಂದಿನ ಶನಿವಾರ ಸುಮಿತ್ರಾ ಸ್ಟೀರಿಂಗಿನ ಹಿಂದೆ, ನಾನು ಪಕ್ಕದಲ್ಲಿ. ಕಲಿಸುವಾಗ ನಾನು ಬಹಳ ಕೂಗಾಡಿದೆ, ಅವಳು ಬಹಳ ಚೆನ್ನಾಗಿ ಕಲಿತಳು. ಟೆಸ್ಟಿನಲ್ಲಿ ಮೊದಲನೇ ಸಲಕ್ಕೇ ಪಾಸು! ನನಗೆ ಅದು ಮೂರನೇ ಸಲಕ್ಕೆ ಆಗಿತ್ತು.

ಲೈಸೆನ್ಸ್ ಬಂದ ದಿನ ಫ್ರೀವೇಯಲ್ಲಿ ಅವಳೇ ಕಾರು ಓಡಿಸಿಕೊಂಡು ಹೋದಳು. ಕಿಟಕಿಯಲ್ಲಿ ನಿಂತು ಕಾಯುವ ಮುಖ ಅದಾಗಿರಲಿಲ್ಲ. ನೋಡಿ ನನಗೆ ಸಂತೋಷವೂ ಆಯಿತು, ಇಷ್ಟು ದಿನ ಸತಾಯಿಸಿದ್ದಕ್ಕೆ ನಾಚಿಕೆಯೂ ಆಯಿತು. ಗ್ಯಾಸು, ಅಂದರೆ ಪೆಟ್ರೋಲು, ಮುಗಿಯುತ್ತಾ ಬಂದಿತ್ತು. ಎದುರಿಗೆ ಸಿಕ್ಕ ಮೊದಲನೇ ಗ್ಯಾಸ್ ಸ್ಟೇಷನ್ನಿಗೆ ಕಾರು ತಿರುಗಿಸಿ ನಿಲ್ಲಿಸಿದಳು.

“ರೀ, ಒಂದು ಡೌಟು. ಈ ಕಾರಿಗೆ ಎಲ್ಲರೂ ಹಾಕಿಸ್ಕೊಳ್ಳೋ ಗ್ಯಾಸೇ ಸಾಕಲ್ವಾ? ಅಥವಾ ನೀವು ಮನೇಲಿ ಬೇರೆ ಏನಾದ್ರೂ ತಯಾರು ಮಾಡ್ಬೇಕಾ?”

ನಾನು ಇಳಿದು ಗ್ಯಾಸು ಹಾಕಿದೆ. ಪಂಪಿನ ಕೊಳವೆ ಸಲೀಸಾಗಿ ಕೂತಿತು. ಅದನ್ನು ಕೂರಿಸುವ ಮೊದಲು ಮಾತ್ರ ಒಮ್ಮೆ ಬಗ್ಗಿ, ಒಳಗೆ ಅಕ್ಷತೆಯೇನಾದರೂ ಇದೆಯೇ ಎಂದು ನೋಡಿಕೊಂಡೆ. ದಸರೆಯಲ್ಲಿ ಕಾರಿಗೂ ಪೂಜೆ ಮಾಡಿದವನು ನಾನೇ ತಾನೇ!