ಪದರ ತೆಗೆಯುವ ಕೆಲಸ

ಧೂಳಿಲ್ಲದ ಕೋಣೆಯೊಳಗೆ ಮನುಷ್ಯರನ್ನು ಬಿಟ್ಟರೆ ಏನಾದರೊಂದು ಆಗುತ್ತಲೇ ಇರುತ್ತದೆ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲದಲ್ಲಿ ನಾನೂ ಒಂದು ಸಣ್ಣ ಕಾರ್ಖಾನೆಯ ಲೇಸರ್ ಸೆಕ್ಷನ್ ಸೇರಿದೆ. ಒಂದು ಕಣ ಧೂಳು ಬಿದ್ದರೂ ಮಾಲು ಹಾಳು ಎಂದು ಅದನ್ನು ಅಂಥ ಕೋಣೆಯೊಳಗೇ ಇಟ್ಟಿದ್ದರು. ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ, ತಾಮ್ರ ಹರಡದ ಹಾಗೆ ಅದಕ್ಕೊಂದು ತಡೆಪದರ. ಬೇಕಾದ ಕಡೆ ಮಾತ್ರ ಆ ಪದರವನ್ನು ಲೇಸರಿನಿಂದ ಹಾರಿಸಬೇಕು, ಕೆಳಗಿನ ತಾಮ್ರಕ್ಕೆ ಏಟಾಗಬಾರದು. ಗಿರಾಕಿ ನಮ್ಮ ಮಾದರಿ ಒಪ್ಪಿದರೆ ಸೆಕ್ಷನ್ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಮನೆಗೆ. ಇದನ್ನು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು.

ಅಪ್ಪನ ಸಲಹೆ

ನಮ್ಮೂರು ಉಯ್ಯಂಬಳ್ಳಿಗೆ ಹೋದಾಗ ಅಪ್ಪ ಕೇಳಿದರು, "ಅಲ್ಲೇನ್ಲಾ ಮಾಡ್ತೀಯ?"

"ಪದರ ತೆಗೀತೀನಿ ಕಣಪ್ಪ."

"ಎಷ್ಟ್ ದಪ್ಪ ಐತೆ?"

"ಒಂದು ಕೂದ್ಲನ್ನ ಸಾವ್ರ ಸೀಳು ಮಾಡಿದ್ರೆ, ಅದ್ರಲ್ಲಿ ಒಂದು ಸೀಳಿನಷ್ಟು."

ಅಪ್ಪ ಎಲೆಅಡಿಕೆ ಉಗಿದು ಬಂದರು. "ಹಂಗಾರೆ ನೀನು ತೆಗೆದ್ಯೋ ಬುಟ್ಯೋ ಯಾರಿಗ್ಲಾ ಗೊತ್ತಾಯ್ತದೆ? ಸುಮ್ಕೆ ಕುಂತ್ಕೊ."

ಅಷ್ಟು ಸುಖದ ಕೆಲಸವಾಗಿದ್ದರೆ ಆ ವಯಸ್ಸಿಗೇ ನನ್ನ ತಲೆ ನರೆಯುತ್ತಿರಲಿಲ್ಲ.

ಹೊಳಪು

ನನ್ನ ಜೊತೆಗಾರ ಚನ್ನಪಟ್ಟಣದವನು. ಮರದ ಗೊಂಬೆಗೆ ಅರಗಿನ ಬಣ್ಣ ಹಾಕಿ, ಉಜ್ಜಿ ಉಜ್ಜಿ ಹೊಳಪು ಬರಿಸುತ್ತಿದ್ದ ಮನೆತನ. ಗಿರಾಕಿಗೆ ಹೋಗಬೇಕಾದ ಮೊದಲ ಮಾದರಿಯಲ್ಲಿ ಪದರ ಹೋದ ಜಾಗ ಸ್ವಲ್ಪ ಮಂಕಾಗಿ ಕಂಡಿತು. ಇವನು ಗ್ಲೌಸ್ ಹಾಕಿದ ಹೆಬ್ಬೆರಳಿನಿಂದ ತಿಕ್ಕಿ ಫಳಫಳ ಮಾಡಿಟ್ಟ. ತಾಮ್ರದ ಗೆರೆಗಳ ಮೇಲೆಲ್ಲ ಗೀರು ಬಿದ್ದು ಬಿಲ್ಲೆ ಅಲ್ಲಿಗೇ ಸತ್ತಿತು.

"ಯಾಕಯ್ಯಾ ಮುಟ್ಟಿದೆ?" ಎಂದರು ಮ್ಯಾನೇಜರು.

"ಮಂಕಾಗಿತ್ತು ಸಾರ್. ಹಂಗೇ ಕಳ್ಸಿದ್ರೆ ಚನ್ನಪಟ್ಟಣದೋರ್ ಕೆಲ್ಸ ಇಷ್ಟೇನಾ ಅಂತ ನಗಾಡಲ್ವಾ?"

ಗಿರಾಕಿ ಇನ್ನೊಂದೇ ಅವಕಾಶ ಕೊಟ್ಟ. ಇವನು ಇನ್ನು ಮೇಲೆ ಕೈ ಜೇಬಿನಲ್ಲೇ ಇಟ್ಟುಕೊಂಡಿರಬೇಕೆಂದು ಆಜ್ಞೆಯಾಯಿತು. ಆ ಕೋಣೆಯ ಅಂಗಿಗೆ ಜೇಬೇ ಇರಲಿಲ್ಲ.

ಆಯುಧಪೂಜೆ

ಕೊನೆಯ ಮಾದರಿ ತಯಾರಾದದ್ದು ಆಯುಧಪೂಜೆಯ ದಿನ. ಪಕ್ಕದ ಸೆಕ್ಷನ್ನುಗಳಲ್ಲಿ ಕುಂಬಳಕಾಯಿ ಒಡೆಯುತ್ತಿದ್ದರು. ನಮ್ಮ ಮ್ಯಾನೇಜರು, "ಇದು ವಿಜ್ಞಾನ. ಮೆಷಿನ್ನಿಗೆ ಒಂದು ಬೊಟ್ಟು ಬಿದ್ದರೂ ಕೆಲಸದಿಂದ ತೆಗೀತೀನಿ" ಎಂದರು. ಎಲ್ಲರೂ ತಲೆಯಾಡಿಸಿದೆವು. ಆದರೂ ವರ್ಷವಿಡೀ ಅನ್ನ ಹಾಕಿದ ಮೆಷಿನ್ನನ್ನು ಬರಿ ಹಣೆಯಲ್ಲಿ ನೋಡುವುದು ಸಂಕಟವಾಗುತ್ತಿತ್ತು.

ಮಾದರಿ ಹೋಯಿತು, ವರದಿ ಬಂತು. ಪದರ ಶುದ್ಧವಾಗಿ ಹೋಗಿದೆ, ತಾಮ್ರಕ್ಕೆ ಒಂದು ಗೀರೂ ಇಲ್ಲ. ಆದರೆ ಬಿಲ್ಲೆಯ ಮೇಲೆ ಮೂರು ಬಣ್ಣದ ಧೂಳು ಕೂತಿದೆ: ಬಿಳಿ, ಕೆಂಪು, ಹಳದಿ. ಆರ್ಡರ್ ರದ್ದು. ಅಲ್ಲಿಗೆ ಸೆಕ್ಷನ್ ಮುಚ್ಚಿದ ಹಾಗೇ. ನನಗೆ ಅಳು ಬಂತು, ಮಾಸ್ಕೂ ಲೇಸರ್ ಕನ್ನಡಕವೂ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಮ್ಯಾನೇಜರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಬಿಳಿ ಯಾರದು?"

ಮಾಗಡಿಯ ಎಲೆಕ್ಟ್ರಿಷಿಯನ್ ಕೈಯೆತ್ತಿದ. "ನಂದು ಸಾರ್, ವಿಭೂತಿ."

"ಕೆಂಪು?"

"ಕಬ್ಬಾಳಮ್ಮನ ಕುಂಕುಮ ಸಾರ್. ಒಸಿನೇ ಇಟ್ಟಿದ್ದು," ಎಂದ ಚನ್ನಪಟ್ಟಣದವನು.

ಮ್ಯಾನೇಜರು ವರದಿ ಮಡಚಿ ಹೊರಟರು. ಚನ್ನಪಟ್ಟಣದವನು ಬಿಡಲಿಲ್ಲ. "ಸಾರ್, ಆ ಅರಿಶಿನ ಯಾರ್ದು ಕೇಳ್ಲೇ ಇಲ್ವಲ್ಲ?"

ಅವರು ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದರು, "ನಮ್ಮನೆಯವಳು ಕೊಟ್ಟು ಕಳಿಸಿದ್ದಳು ಕಣಯ್ಯಾ. ಸೆಕ್ಷನ್ ಉಳೀಲಿ ಅಂತ."