ಭಾವಮೈದನ ಜೋಡಿ ಅಯಾನುಗಳು

ನನ್ನ ಹೆಂಡತಿಯ ತಮ್ಮನಿಗೆ ಮದುವೆಯಾಗದಿರಲು ಜಾತಕ ಕಾರಣವಲ್ಲ, ರಸಾಯನಶಾಸ್ತ್ರ!

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿ ಮನೆ ಕಟ್ಟಿದವನು. ಅವನೋ ಬೆಂಗಳೂರಿನ ಔಷಧಿ ಕಂಪನಿಯಲ್ಲಿ, ಬೆರೆತ ಮದ್ದುಗಳನ್ನು ಯಂತ್ರದಿಂದ ಬೇರ್ಪಡಿಸುವವನು. ಎಪ್ಪತ್ತರ ದಶಕದ ಕೊನೆಗೆ ಅಂಥ ಯಂತ್ರ ಬೆಂಗಳೂರಿಗೂ ಹೊಸದು. ಭಾನುವಾರ ಮದ್ದೂರಿಗೆ ಬಂದನೆಂದರೆ ನಮ್ಮ ಸಾರಿನ ಬಟ್ಟಲೇ ಅವನ ಪ್ರಯೋಗಶಾಲೆ!

"ನೋಡಿ ಭಾವ, ಈ ಒಗ್ಗರಣೆ ಎಣ್ಣೆ ತೇಲ್ತಿಲ್ವಾ? ನನ್ ಯಂತ್ರದ ಕೊಳವೆ ಒಳಗಿನ ಪುಡೀನೂ ಇಂಗೇ ಜಿಡ್ಡು. ಕರೆಂಟು ಹೊತ್ತಿರೋ ಮದ್ದುಗಳು ಜಿಡ್ಡು ಮುಟ್ಟದೆ ನೀರಿನ ಜೊತೆ ಒಟ್ಟಿಗೇ ಓಡೋಯ್ತವೆ. ಅದ್ಕೇ ಎದುರು ಕರೆಂಟಿನ, ಜಿಡ್ಡು ಬಾಲದ ಜೋಡಿ ಅಯಾನು ಬುಡ್ತೀನಿ. ಜೋಡಿಯಾದ್ಮೇಲೆ ಜಿಡ್ಡಿಗೆ ಅಂಟ್ಕತವೆ. ಒಂದು ಬೇಗ ಹೊರಗ್ ಬತ್ತದೆ, ಒಂದು ತಡವಾಗಿ."

"ಸಾರು ಆರೋಯ್ತು, ತಿನ್ಲಾ!" ಎಂದಳು ಅವನ ಅಕ್ಕ.

ಬಸ್ಸಿನಲ್ಲಿ ಪಕ್ಕದ ಮುದುಕನಿಗೂ ಇದೇ ಪಾಠ. ಆತ "ಒಳ್ಳೇದಾಗ್ಲಪ್ಪ" ಎಂದು ಹರಸಿ, ಎದ್ದು ಹಿಂದಿನ ಸೀಟಿಗೆ ಹೋದ!

ಬೆಸಗರಹಳ್ಳಿಗೆ ಹೆಣ್ಣು ನೋಡಲು ಹೊರಟ ದಿನ ನನ್ನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: "ಇದೂ ತಪ್ಪೋದ್ರೆ ಇನ್ನು ನಿಂಗೆ ಎಣ್ಣು ಕೇಳಕ್ಕಿಲ್ಲ. ಬಾಯ್ ಬುಡ್‌ಬ್ಯಾಡ ಕಣ್ಲಾ."

ಅವನು ತಲೆಯಾಡಿಸಿದ. ಆದರೆ ಹುಡುಗಿಯ ಅಪ್ಪ, ನನ್ನ ಹಳೆಯ ಸ್ನೇಹಿತ, "ಏನಪ್ಪ ನಿನ್ ಕೆಲ್ಸ?" ಎಂದುಬಿಟ್ಟ. ಇನ್ನು ತಡೆಯುವವರು ಯಾರು?

"ಮದ್ದು ಬೇರ್ಪಡಿಸಾದು. ಎಲ್ಲಾ ಜೋಡೀಲೇ ಇರಾದು, ಯಜಮಾನ್ರೇ! ಬಾಲ ಉದ್ದ ಇದ್ರೆ ಜಾಸ್ತಿ ಹೊತ್ತು ಒಳಗೆ, ಗಿಡ್ಡ ಇದ್ರೆ ಬೇಗ ಹೊರಗೆ. ಜೋಡಿ ಬದಲಾದ್ರೆ ಬರೋ ಸರದೀನೇ ಬದಲಾಗಬೋದು. ನಾನು ತಿಂಗಳಿಗೆ ಮೂರು ಜೋಡಿ ಬದಲಾಯಿಸ್ತೀನಿ!"

ಯಜಮಾನ ಬಾಯಿಗಿಡಲಿದ್ದ ಅಡಿಕೆಯನ್ನು ತಟ್ಟೆಗೆ ಹಾಕಿ ಎದ್ದು ನಿಂತ.

"ಏನ್ಲಾ, ತಿಂಗ್ಳಿಗೆ ಮೂರಾ? ಇಂತೋನ್ಗಾ ನನ್ ಮಗ್ಳ ಕೇಳಕ್ ಬಂದಿರಾದು?"

ನನ್ನ ಹೆಂಡತಿಯ ಕಣ್ಣು ತುಂಬಿತು. ಸಂತೆಯಲ್ಲಿ ಯಾರಿಗೂ ಸೋಲದ ನಾನೂ ಹೆಗಲ ಟವೆಲ್ಲು ಕೊಡವಿ ಏಳಲು ಹೊರಟೆ.

ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು. "ಅಪ್ಪ, ಅದು ಎಣ್ಣು ಗಂಡಿನ ಜೋಡಿ ಅಲ್ಲ ಕಣಪ್ಪ, ಮದ್ದಿನ ಜೋಡಿ." ಆಮೇಲೆ ಅವನನ್ನೇ ಕೇಳಿದಳು: "ಜೋಡಿ ಸಿಕ್ಮೇಲೆ ಆ ಮದ್ದು ತನ್ ಗುಣ ಕಳ್ಕತದಾ?"

ಅವನು ಮೊದಲ ಸಲ ತಲೆಯೆತ್ತಿ ಅವಳತ್ತ ನೋಡಿದ. ಮಾತು ಮೆಲ್ಲಗೆ ಬಂತು.

"ಇಲ್ಲ. ಅದು ಅದೇ ಆಗಿರ್ತದೆ. ಓಡೋಗ್ದೆ ಒಸಿ ನಿಂತ್ಕತದೆ, ಅಷ್ಟೇ."

ಅವಳು ಹೊಸ್ತಿಲು ದಾಟಿ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಅವಳಪ್ಪನೂ ಮೆಲ್ಲಗೆ ಕುಳಿತ.

"ಆ ಮದ್ದಿನ ಇಸ್ಯ ಇನ್ನೊಸಿ ಏಳಿ," ಎಂದಳು.